ಗಾಯದ ಉದ್ದವಲ್ಲ, ಒಳಗಿನ ಕೆಲಸ: ಸೊಂಟದ ನರದ ಗಡ್ಡೆಗೆ ಕೊಳವೆಯ ಶಸ್ತ್ರಚಿಕಿತ್ಸೆ

ಪ್ರಶ್ನೆ: ನನ್ನ ಅಮ್ಮನಿಗೆ 54 ವರ್ಷ. ಎರಡು ವರ್ಷದಿಂದ ಸೊಂಟನೋವು, ಬಲಗಾಲಿಗೆ ಎಳೆತ. ಡಿಸ್ಕ್ ಜಾರಿದೆ ಎಂದುಕೊಂಡು ಮಾತ್ರೆ, ಎಣ್ಣೆ, ಬೆಲ್ಟ್ ಎಲ್ಲ ಆಯಿತು. ರಾತ್ರಿ ಮಲಗಲಾಗದೆ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಾರೆ. ಈಗ ಎಂಆರ್‌ಐ ಮಾಡಿಸಿದರೆ ಸೊಂಟದ ಮೂರನೇ ಮೂಳೆಯ ಮಟ್ಟದಲ್ಲಿ ನರದ ಗಡ್ಡೆ ಇದೆ, ‘ಶ್ವಾನೋಮಾ’ ಇರಬಹುದು ಎಂದು ಬಂದಿದೆ. ಒಬ್ಬ ವೈದ್ಯರು ಬೆನ್ನು ತೆರೆದು ತೆಗೆಯಬೇಕು ಎನ್ನುತ್ತಾರೆ. ಇನ್ನೊಬ್ಬರು ಒಂದಿಂಚಿನ ಗಾಯದಲ್ಲಿ ಕೊಳವೆ ಇಳಿಸಿ ತೆಗೆಯುತ್ತೇವೆ ಎನ್ನುತ್ತಾರೆ. ಅಷ್ಟು ಸಣ್ಣ ರಂಧ್ರದಲ್ಲಿ ಗಡ್ಡೆ ಪೂರ್ತಿ ಬರುತ್ತದೆಯೇ? ಬೆನ್ನಿಗೆ ಕತ್ತಿ ಮುಟ್ಟಿಸಿದರೆ ಕಾಲು ಹೋಗುತ್ತದೆ ಎಂದು ಊರಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ.
— ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಕೊನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಆ ಹೆದರಿಕೆ ಕಳೆಯದೆ ಮುಂದಿನ ಯಾವ ವಿವರವೂ ಅಮ್ಮನ ಕಿವಿಗೆ ಬೀಳುವುದಿಲ್ಲ.

ಊರವರು ಸುಮ್ಮನೆ ಹೆದರಿಸುತ್ತಿಲ್ಲ. ಬೆನ್ನುಹುರಿಗೆ ಪೆಟ್ಟಾದರೆ ಕಾಲಿನ ಸ್ವಾಧೀನ ತಪ್ಪುತ್ತದೆ. ಅಡಿಕೆ ಮರದಿಂದ ಬಿದ್ದವರನ್ನು ಕಂಡ ನಿಮ್ಮ ಸೀಮೆಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬೆನ್ನುಹುರಿ ಬೆನ್ನಿನ ಬುಡದವರೆಗೂ ಇಳಿಯುವುದಿಲ್ಲ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ ಸೊಂಟದ ಒಂದನೇ, ಎರಡನೇ ಮೂಳೆಗಳ ಹತ್ತಿರವೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಇರುವುದು ನರಗಳ ಬೇರುಗಳ ಒಂದು ಗೊಂಚಲು. ಹಳೆಯ ಅಂಗರಚನಾ ಶಾಸ್ತ್ರಜ್ಞರು ಅದನ್ನು ಕುದುರೆಯ ಬಾಲ ಎಂದು ಕರೆದರು, ಲ್ಯಾಟಿನ್‌ನಲ್ಲಿ ‘ಕಾಡಾ ಇಕ್ವೈನಾ’. ಈ ಬೇರುಗಳು ಡ್ಯೂರಾ ಎಂಬ ಗಟ್ಟಿ ಪೊರೆಯ ಚೀಲದೊಳಗೆ, ತಿಳಿನೀರಿನಂಥ ದ್ರವದಲ್ಲಿ ತೇಲಿಕೊಂಡಿರುತ್ತವೆ. ಹೆರಿಗೆ ಆಪರೇಶನ್‌ಗೆ ಬೆನ್ನಿಗೆ ಸೂಜಿ ಹಾಕಿ ಅರಿವಳಿಕೆ ಕೊಡುವುದು ಇದೇ ಜಾಗದಲ್ಲಿ. ಸೂಜಿ ಬಂದರೆ ಬೇರುಗಳು ಪಕ್ಕಕ್ಕೆ ಸರಿಯುತ್ತವೆ, ಬೆನ್ನುಹುರಿ ಸರಿಯಲಾರದು. ಅಮ್ಮನ ಗಡ್ಡೆ ಮೂರನೇ ಮೂಳೆಯ ಮಟ್ಟದಲ್ಲಿದೆ, ಅಂದರೆ ಬೆನ್ನುಹುರಿ ಮುಗಿದ ನಂತರದ ಜಾಗದಲ್ಲಿ. ಎದೆಯ ಮಟ್ಟದಲ್ಲಿ ಇದೇ ಗಡ್ಡೆ ಇದ್ದಿದ್ದರೆ ನನ್ನ ಉತ್ತರದ ಧಾಟಿಯೇ ಬೇರೆ ಇರುತ್ತಿತ್ತು. ಇಲ್ಲಿ ಅಪಾಯವೇ ಇಲ್ಲ ಎಂದಲ್ಲ. ಒಂದು ಬೇರಿಗೆ ಪೆಟ್ಟಾದರೆ ತೊಡೆಯಲ್ಲಿ ಜೋಮು ಉಳಿಯಬಹುದು, ಮೊಣಕಾಲು ಚಾಚುವ ಶಕ್ತಿ ಕುಂದಬಹುದು. ಮೂತ್ರ, ಮಲವನ್ನು ಹಿಡಿದಿಡುವ ಬೇರುಗಳೂ ಅದೇ ಗೊಂಚಲಿನಲ್ಲಿವೆ. ಆದರೆ ಎರಡು ಕಾಲೂ ಪೂರ್ತಿ ಹೋಗಿ ಹಾಸಿಗೆ ಹಿಡಿಯುವುದು ಈ ಮಟ್ಟದ ಗಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ತೀರಾ ಅಪರೂಪ.

ಇನ್ನು ಗಡ್ಡೆಯ ವಿಷಯ. ಪ್ರತಿ ನರದ ಎಳೆಯನ್ನೂ ಸುತ್ತಿ ಕಾಪಾಡುವ ಕೋಶಗಳಿವೆ. ಅವನ್ನು 1830ರ ದಶಕದ ಕೊನೆಯಲ್ಲಿ ವಿವರಿಸಿದ ಜರ್ಮನ್ ವಿಜ್ಞಾನಿ ಥಿಯೊಡೋರ್ ಶ್ವಾನ್ ಹೆಸರಿನಲ್ಲೇ ಅವು ಶ್ವಾನ್ ಕೋಶಗಳಾದವು. ಅವು ಹದ ತಪ್ಪಿ ಬೆಳೆದರೆ ಶ್ವಾನೋಮಾ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಇದು ಮೊದಲ ದರ್ಜೆಯ ಗಡ್ಡೆ, ಅಂದರೆ ಕ್ಯಾನ್ಸರ್ ಅಲ್ಲ. ಬೇರೆ ಅಂಗಕ್ಕೆ ಹರಡುವುದಿಲ್ಲ. ಬೆಳೆಯುವುದೂ ಬಹಳ ನಿಧಾನ, ಸಾಮಾನ್ಯವಾಗಿ ವರ್ಷಕ್ಕೆ ಕೆಲವೇ ಮಿಲಿಮೀಟರ್. ಅಮ್ಮನ ನೋವು ಎರಡು ವರ್ಷದ್ದಾದರೂ ಗಡ್ಡೆ ಅದಕ್ಕಿಂತ ಹಳೆಯದಿರಬಹುದು.

ಶ್ವಾನೋಮಾದ ಒಂದು ಒಳ್ಳೆಯ ಗುಣವೆಂದರೆ ಅದಕ್ಕೆ ತನ್ನದೇ ಆದ ಸಿಪ್ಪೆ ಇರುವುದು. ಅದು ನರದ ಒಂದು ಪಕ್ಕದಲ್ಲಿ, ಒಂದೆರಡು ಎಳೆಗಳಿಗಷ್ಟೇ ಅಂಟಿ ಬೆಳೆಯುತ್ತದೆ, ಉಳಿದ ಎಳೆಗಳನ್ನು ಬದಿಗೆ ತಳ್ಳುತ್ತದೆ. ಹಾಗಾಗಿ ನುರಿತ ಕೈ ಅದನ್ನು ಹಲಸಿನ ತೊಳೆಯಿಂದ ಬೀಜ ಬಿಡಿಸಿದಂತೆ ಬಿಡಿಸಿ ತೆಗೆಯಬಹುದು. ಇದರ ದಾಯಾದಿ ನ್ಯೂರೋಫೈಬ್ರೋಮಾ ಹಾಗಲ್ಲ. ಅದರಲ್ಲಿ ನರದ ಎಳೆಗಳು ಗಡ್ಡೆಯ ಮೈಯೊಳಗೇ ಹೆಣೆದುಕೊಂಡಿರುತ್ತವೆ, ಎಲ್ಲಿ ನರ ಮುಗಿದು ಎಲ್ಲಿ ಗಡ್ಡೆ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಸೊಂಟದ ಈ ಭಾಗದಲ್ಲಿ ಎಪೆಂಡಿಮೋಮಾ ಎಂಬ ಮೂರನೇ ಜಾತಿಯೂ ಬರುವುದುಂಟು. ಎಂಆರ್‌ಐ ಚಿತ್ರದಲ್ಲಿ ಇವು ಒಂದನ್ನೊಂದು ಹೋಲಬಹುದು. ನಿಮ್ಮ ವರದಿಯಲ್ಲಿ ‘ಇರಬಹುದು’ ಎಂದು ಬರೆದಿರುವುದು ಅದಕ್ಕೇ.

ಅಮ್ಮ ಕುರ್ಚಿಯಲ್ಲಿ ಕೂತು ನಿದ್ದೆ ಮಾಡುತ್ತಾರೆ ಎಂದು ನೀವು ಬರೆದಿದ್ದೀರಿ. ನಿಮ್ಮ ಇಡೀ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಾಲು. ಡಿಸ್ಕ್ ಜಾರಿದ ನೋವು ಕೂತರೆ, ಬಗ್ಗಿದರೆ, ಭಾರ ಎತ್ತಿದರೆ ಹೆಚ್ಚು, ಮಲಗಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಚೀಲದೊಳಗಿನ ಗಡ್ಡೆಯ ನೋವು ಎಷ್ಟೋ ಜನರಲ್ಲಿ ಇದಕ್ಕೆ ತಿರುಗುಮುರುಗು: ಹಗಲು ಓಡಾಡಿಕೊಂಡಿದ್ದಾಗ ಪರವಾಗಿಲ್ಲ, ರಾತ್ರಿ ಮಲಗಿದೊಡನೆ ಶುರು. ಸೊಂಟನೋವು ನಮ್ಮಲ್ಲಿ ಮನೆಮನೆಯ ಕತೆ, ನರದ ಗಡ್ಡೆಯೋ ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೂ ಬಾರದಷ್ಟು ವಿರಳ. ಹಾಗಾಗಿ ಎಲ್ಲ ಸೊಂಟನೋವಿಗೂ ಎಂಆರ್‌ಐ ಬೇಡ. ಆದರೆ ರಾತ್ರಿ ನಿದ್ದೆಯಿಂದ ಎಬ್ಬಿಸುವ, ಮಲಗಿದರೆ ಹೆಚ್ಚುವ, ಚಿಕಿತ್ಸೆಗೆ ಬಗ್ಗದ ನೋವನ್ನು ಎಣ್ಣೆ ತಿಕ್ಕಿಸಿಕೊಂಡು ವರ್ಷಗಟ್ಟಲೆ ತಳ್ಳಬಾರದು. ಈ ಒಂದು ಮಾತು ಓದುವ ಎಲ್ಲರ ನೆನಪಿನಲ್ಲೂ ಉಳಿಯಲಿ ಎಂಬುದು ನನ್ನ ಆಸೆ.

ಈಗ ಕೊಳವೆಯ ವಿಷಯಕ್ಕೆ ಬರೋಣ. ಅದಕ್ಕೂ ಮುಂಚೆ ನೂರಮೂವತ್ತು ವರ್ಷಕ್ಕೂ ಹಿಂದಿನ ಒಂದು ಘಟನೆ ಹೇಳಬೇಕು. 1887ರ ಜೂನ್‌ನಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಹಾರ್ಸ್ಲಿ ಎಂಬ ಶಸ್ತ್ರವೈದ್ಯರು ಬೆನ್ನುಹುರಿಯನ್ನು ಒತ್ತುತ್ತಿದ್ದ ಗಡ್ಡೆಯೊಂದನ್ನು ತೆಗೆದರು. ಇಂಥ ಗಡ್ಡೆಯನ್ನು ಯಶಸ್ವಿಯಾಗಿ ತೆಗೆದ ಮೊದಲ ಶಸ್ತ್ರಚಿಕಿತ್ಸೆ ಎಂದು ವೈದ್ಯಕೀಯ ಚರಿತ್ರೆ ನೆನೆಯುವುದು ಅದನ್ನೇ. ರೋಗಿ ಸೇನೆಯ ಕ್ಯಾಪ್ಟನ್, ಕಾಲುಗಳ ಸ್ವಾಧೀನ ಹೋಗಿತ್ತು. ಎಕ್ಸ್‌ರೇ ಇನ್ನೂ ಕಂಡುಹಿಡಿದಿರಲಿಲ್ಲ, ಅದು ಬಂದದ್ದು 1895ರಲ್ಲಿ. ನರರೋಗ ತಜ್ಞ ವಿಲಿಯಂ ಗವರ್ಸ್ ರೋಗಿಯ ಮೈಯಲ್ಲಿ ಎಲ್ಲಿಂದ ಸ್ಪರ್ಶ ತಿಳಿಯುವುದಿಲ್ಲ, ನೋವು ಯಾವ ಪಟ್ಟಿಯಲ್ಲಿ ಸುತ್ತುತ್ತದೆ ಎಂಬುದನ್ನಷ್ಟೇ ನೋಡಿ ಗಡ್ಡೆಯ ಜಾಗ ಹೇಳಿದ್ದರು. ಹಾರ್ಸ್ಲಿ ಅಲ್ಲಿ ತೆರೆದರೆ ಗಡ್ಡೆ ಕಾಣಲಿಲ್ಲ. ಬಿಡದೆ ಇನ್ನೂ ಮೇಲಿನ ಮೂಳೆ ತೆಗೆದಾಗ ಸಿಕ್ಕಿತು. ರೋಗಿ ಮತ್ತೆ ನಡೆದಾಡಿದರು.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಗಡ್ಡೆ ಸರಿಯಾಗಿ ಎಲ್ಲಿದೆ ಎಂದು ತಿಳಿಯದ ಕಾಲದಲ್ಲಿ ಬೆನ್ನನ್ನು ಉದ್ದಕ್ಕೆ ತೆರೆಯದೆ ದಾರಿಯಿರಲಿಲ್ಲ. ಎಂಆರ್‌ಐ ಬಂದ ಮೇಲೆ ಗಡ್ಡೆಯ ಮೇಲಂಚು, ಕೆಳಂಚು ಮಿಲಿಮೀಟರ್ ಲೆಕ್ಕದಲ್ಲಿ ಮೊದಲೇ ಗೊತ್ತಾಗುತ್ತದೆ. ಜಾಗ ಖಚಿತವಾದ ಮೇಲೆ ಬಾಗಿಲು ಚಿಕ್ಕದಿದ್ದರೆ ಸಾಕು. 1997ರ ಹೊತ್ತಿಗೆ ಅಮೆರಿಕದಲ್ಲಿ ಕೆವಿನ್ ಫೋಲಿ ಮತ್ತು ಮಾರಿಸ್ ಸ್ಮಿತ್ ಡಿಸ್ಕ್ ಶಸ್ತ್ರಚಿಕಿತ್ಸೆಗೆ ಕೊಳವೆಯ ವಿಧಾನವನ್ನು ತಂದರು. ಸುಮಾರು ಹತ್ತು ವರ್ಷದ ನಂತರ, 2006ರಲ್ಲಿ, ರಿಚರ್ಡ್ ಫೆಸ್ಲರ್ ಅವರ ತಂಡ ಡ್ಯೂರಾ ಚೀಲದ ಒಳಗಿನ ಗಡ್ಡೆಗಳನ್ನೂ ಅದೇ ಕೊಳವೆಯಿಂದ ತೆಗೆದದ್ದನ್ನು ಪ್ರಕಟಿಸಿತು. ಈ ಕಲೆಗೆ ಈಗ ಎರಡು ದಶಕದ ಅನುಭವವಿದೆ, ಪ್ರಯೋಗದ ಹಂತ ದಾಟಿದೆ.

ಹಳೆಯ ವಿಧಾನದಲ್ಲಿ ಬೆನ್ನಿನ ನಡುಗೆರೆಯಲ್ಲಿ ಚರ್ಮ ಸೀಳಿ, ಎರಡೂ ಬದಿಯ ಸ್ನಾಯುಗಳನ್ನು ಮೂಳೆಯಿಂದ ಕೆರೆದು ಬಿಡಿಸಿ, ಬೆನ್ನು ಸವರಿದರೆ ಕೈಗೆ ಸಿಗುವ ಮೂಳೆಯ ಮುಳ್ಳನ್ನೂ ಅದರ ಎರಡೂ ಬದಿಯ ಚಪ್ಪಟೆ ಮೂಳೆಯನ್ನೂ ತೆಗೆಯುತ್ತಾರೆ. ಇದು ಲ್ಯಾಮಿನೆಕ್ಟಮಿ. ನೋಟ ವಿಶಾಲ, ಕೈಯಾಡಿಸಲು ಜಾಗ ಧಾರಾಳ. ಕಳೆದುಕೊಳ್ಳುವುದು ಎರಡು. ಬಿಡಿಸಿದ ಸ್ನಾಯುಗಳಿಗೆ ಹೋಗುವ ಸಣ್ಣ ನರಗಳು ಹರಿದು ಅವು ಸೊರಗಬಹುದು. ಮೂಳೆಯ ಮುಳ್ಳುಗಳನ್ನು ಬಿಗಿದಿಟ್ಟಿರುವ ಹಿಂಬದಿಯ ಪಟ್ಟಿ ತುಂಡಾಗುತ್ತದೆ. ಹೆಚ್ಚು ಮೂಳೆ ಹೋದರೆ, ಅದರಲ್ಲೂ ಕೀಲುಗಳು ಹೋದರೆ, ಬೆನ್ನು ಮುಂದಕ್ಕೆ ಬಾಗುವ ಅಥವಾ ಮೂಳೆ ಜಾರುವ ಸಾಧ್ಯತೆಯಿದ್ದು ಆಮೇಲೆ ಸ್ಕ್ರೂ, ರಾಡ್ ಹಾಕಬೇಕಾಗಬಹುದು.

ಕೊಳವೆಯ ವಿಧಾನದಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಮ್ಮನಿಗೆ ಪೂರ್ಣ ಅರಿವಳಿಕೆ ಕೊಟ್ಟು ಬೋರಲಾಗಿ, ಹೊಟ್ಟೆ ಒತ್ತದಂತೆ ಮಲಗಿಸುತ್ತಾರೆ. ತೊಡೆ, ಮೀನಖಂಡ, ಪಾದ, ಗುದದ್ವಾರದ ಸ್ನಾಯುಗಳಿಗೆ ಕೂದಲೆಳೆಯಂಥ ಸೂಜಿಗಳನ್ನು ಚುಚ್ಚಿ ಯಂತ್ರಕ್ಕೆ ಜೋಡಿಸುತ್ತಾರೆ. ನರಗಳ ಸ್ಥಿತಿಯನ್ನು ಕ್ಷಣಕ್ಷಣಕ್ಕೂ ಗಮನಿಸುವ ವ್ಯವಸ್ಥೆ ಇದು. ಇದಕ್ಕಾಗಿ ಅರಿವಳಿಕೆ ತಜ್ಞರು ಸ್ನಾಯು ಸಡಿಲಿಸುವ ಔಷಧವನ್ನು ಆರಂಭದಲ್ಲಷ್ಟೇ ಕೊಟ್ಟು ಆಮೇಲೆ ನಿಲ್ಲಿಸುತ್ತಾರೆ, ಇಲ್ಲದಿದ್ದರೆ ಸ್ನಾಯುಗಳು ಉತ್ತರವೇ ಕೊಡುವುದಿಲ್ಲ. ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದಲ್ಲಿ ಮೂಳೆಗಳನ್ನು ಎಣಿಸಿ ಮಟ್ಟ ಖಚಿತ ಮಾಡಿಕೊಳ್ಳುತ್ತಾರೆ. ಕೆಲವರಲ್ಲಿ ಸೊಂಟದ ಮೂಳೆ ಐದರ ಬದಲು ನಾಲ್ಕೋ ಆರೋ ಇರುವುದರಿಂದ ಈ ಎಣಿಕೆ ಕಾಣುವಷ್ಟು ಸುಲಭವಲ್ಲ.

ನಡುಗೆರೆಯಿಂದ ತುಸು ಪಕ್ಕಕ್ಕೆ ಎರಡೂವರೆ, ಮೂರು ಸೆಂಟಿಮೀಟರ್ ಗಾಯ. ಅದರಲ್ಲಿ ಮೊದಲು ತೆಳ್ಳನೆಯ ಕಡ್ಡಿ, ಅದರ ಮೇಲೆ ಸ್ವಲ್ಪ ದಪ್ಪದ ಕೊಳವೆ, ಅದರ ಮೇಲೆ ಇನ್ನೂ ದಪ್ಪದ್ದು. ಹೀಗೆ ಒಂದರ ಮೇಲೊಂದು ಇಳಿಸುತ್ತ ಹೋದಂತೆ ಸ್ನಾಯುವಿನ ಎಳೆಗಳು ಕತ್ತರಿಸದೆ ಅಗಲವಾಗುತ್ತವೆ. ಕೊನೆಯ ಕೊಳವೆಯ ಅಗಲ ಸುಮಾರು 18ರಿಂದ 22 ಮಿಲಿಮೀಟರ್. ಅದನ್ನು ಮೇಜಿಗೆ ಬಿಗಿದ ತೋಳಿನಲ್ಲಿ ನಿಲ್ಲಿಸಿ ಮೇಲೆ ಮೈಕ್ರೋಸ್ಕೋಪ್ ತರುತ್ತಾರೆ. ಅಲ್ಲಿಂದ ಮುಂದೆ ಎಲ್ಲವೂ ಆ ಕೊಳವೆಯ ತಳದ ಪುಟ್ಟ ಬೆಳಕಿನ ವೃತ್ತದಲ್ಲಿ ನಡೆಯುತ್ತದೆ. ಒಂದು ಬದಿಯ ಚಪ್ಪಟೆ ಮೂಳೆಯನ್ನು ಡ್ರಿಲ್‌ನಿಂದ ತೆಳುವಾಗಿ ಕೊರೆದು, ಕೊಳವೆಯನ್ನು ಓರೆ ಮಾಡಿ ಮುಳ್ಳಿನ ಬುಡವನ್ನೂ ಒಳಗಿನಿಂದ ತುಸು ಸವೆಸಿದರೆ ಡ್ಯೂರಾ ಚೀಲದ ಎದುರು ಬದಿಯೂ ಕಾಣುತ್ತದೆ. ಮುಳ್ಳು, ಆಚೆ ಬದಿಯ ಸ್ನಾಯು, ಹಿಂಬದಿಯ ಪಟ್ಟಿ ಇದ್ದಲ್ಲೇ ಇರುತ್ತವೆ. ಈ ವಿಧಾನದ ನಿಜವಾದ ಲಾಭ ಅದೇ. ಚರ್ಮದ ಮೇಲಿನ ಗೆರೆ ಚಿಕ್ಕದಾಗುವುದು ಅದರ ಜೊತೆಗೆ ಬರುವ ಸಣ್ಣ ಸಂತೋಷ.

ಡ್ಯೂರಾವನ್ನು ಉದ್ದಕ್ಕೆ ತೆರೆದು ಅಂಚುಗಳನ್ನು ದಾರದಿಂದ ಎಳೆದು ಕಟ್ಟಿದೊಡನೆ ದ್ರವ ಹೊರಗೆ ಉಕ್ಕುತ್ತದೆ. ಅದರ ಹಿಂದೆ ಬಿಳಿ ಬೇರುಗಳ ನಡುವೆ ಹಳದಿ ಮಿಶ್ರಿತ ಗುಂಡನೆಯ ಗಡ್ಡೆ. ಅದನ್ನು ಹಾಗೇ ಎಳೆಯುವಂತಿಲ್ಲ. ಮೊದಲು ಗಡ್ಡೆ ಹುಟ್ಟಿದ ಬೇರು ಯಾವುದು, ಸುಮ್ಮನೆ ಮೈಗೆ ಒತ್ತಿಕೊಂಡಿರುವ ಬೇರುಗಳು ಯಾವುವು ಎಂದು ಬೇರ್ಪಡಿಸಬೇಕು. ಶಸ್ತ್ರವೈದ್ಯರು ಸಣ್ಣ ವಿದ್ಯುತ್ ಕಡ್ಡಿಯಿಂದ ಒಂದೊಂದೇ ಎಳೆಯನ್ನು ಮುಟ್ಟುತ್ತಾರೆ. ಕಾಲನ್ನು ಆಡಿಸುವ ಎಳೆಯಾದರೆ ಯಂತ್ರದ ಸ್ಪೀಕರ್‌ನಲ್ಲಿ ಟಕಟಕ ಸದ್ದು ಬರುತ್ತದೆ, ಪರದೆಯ ಮೇಲೆ ಗೆರೆ ಏಳುತ್ತದೆ. ಎಲ್ಲರ ಮಾತೂ ನಿಂತು ಆ ಸದ್ದಿಗೆ ಕಿವಿಗೊಡುವ ಹೊತ್ತು ಅದು. ಶ್ವಾನೋಮಾ ಹೆಚ್ಚಾಗಿ ಹುಟ್ಟುವುದು ಸ್ಪರ್ಶ ಒಯ್ಯುವ ಬೇರಿನ ಮೇಲೆ. ಆ ಎಳೆಯನ್ನು ಮುಟ್ಟಿದಾಗ ಸ್ನಾಯು ಉತ್ತರಿಸದಿದ್ದರೆ ಅದನ್ನು ಗಡ್ಡೆಯ ಜೊತೆಗೇ ಕತ್ತರಿಸಬಹುದು. ಅಚ್ಚರಿಯೆಂದರೆ ಹೀಗೆ ಒಂದು ಎಳೆ ಹೋದರೂ ಬಹಳ ಮಂದಿಗೆ ಹೊಸ ತೊಂದರೆ ಕಾಣುವುದಿಲ್ಲ. ಅಕ್ಕಪಕ್ಕದ ಬೇರುಗಳು ಆ ಜಾಗದ ಕೆಲಸವನ್ನು ಮೊದಲೇ ಹಂಚಿಕೊಂಡಿರುತ್ತವೆ.

ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಗಡ್ಡೆ ಕೊಳವೆಗಿಂತ ದೊಡ್ಡದಿದ್ದರೂ ಬರುತ್ತದೆ, ಯಾಕೆಂದರೆ ಅದನ್ನು ಇಡಿಯಾಗಿ ಹೊರಗೆ ತರಬೇಕೆಂದಿಲ್ಲ. ಸಿಪ್ಪೆ ಬಗೆದು, ಒಳಗಿನ ತಿರುಳನ್ನು ಅಲ್ಟ್ರಾಸೌಂಡ್ ಕಂಪನದಿಂದ ಪುಡಿ ಮಾಡಿ ಹೀರುವ ಉಪಕರಣದಿಂದ ಖಾಲಿ ಮಾಡುತ್ತಾರೆ. ಗಡ್ಡೆ ಒಳಕ್ಕೆ ಕುಸಿಯುತ್ತದೆ, ಆಮೇಲೆ ಸಿಪ್ಪೆಯನ್ನು ಸುತ್ತಲಿನ ನರಗಳಿಂದ ಬಿಡಿಸಿ ತೆಗೆಯುತ್ತಾರೆ. ತೆರೆದ ಶಸ್ತ್ರಚಿಕಿತ್ಸೆಯಲ್ಲೂ ದೊಡ್ಡ ಶ್ವಾನೋಮಾವನ್ನು ತೆಗೆಯುವುದು ಹೀಗೆಯೇ. ಚೀಲದೊಳಗಿನ ಕೆಲಸದ ಮಟ್ಟಿಗೆ ಎರಡು ವಿಧಾನಗಳಲ್ಲಿ ಭೇದವಿಲ್ಲ, ಇರಲೂ ಬಾರದು. ಒಳಗೆ ಹೋಗುವ ದಾರಿ ಮಾತ್ರ ಬೇರೆ. ಇದಕ್ಕೊಂದು ಅಪವಾದವಿದೆ: ಎಪೆಂಡಿಮೋಮಾ ಎಂಬ ಅನುಮಾನ ಬಲವಾಗಿದ್ದರೆ ಅದರ ಸಿಪ್ಪೆ ಒಡೆಯದೆ ಇಡಿಯಾಗಿ ತೆಗೆಯುವುದೇ ಲೇಸು, ಒಡೆದರೆ ಅದರ ಕೋಶಗಳು ದ್ರವದಲ್ಲಿ ಹರಡಬಹುದು. ಅಂಥಲ್ಲಿ ದೊಡ್ಡ ಬಾಗಿಲೇ ಬೇಕಾಗುತ್ತದೆ.

ಗಡ್ಡೆ ಬಂತು ಎಂದ ಮಾತ್ರಕ್ಕೆ ಕಷ್ಟ ಮುಗಿಯಿತು ಎಂದಲ್ಲ. ಕೊಳವೆಯ ವಿಧಾನದ ಅತ್ಯಂತ ಕಠಿಣ ಭಾಗ ಡ್ಯೂರಾವನ್ನು ನೀರು ಜಿನುಗದಂತೆ ಹೊಲಿಯುವುದು. ಎರಡು ಸೆಂಟಿಮೀಟರ್ ಅಗಲದ ಬಾವಿಯ ತಳದಲ್ಲಿ, ಬಗ್ಗಿದ ಉದ್ದ ಉಪಕರಣಗಳಿಂದ, ಕೂದಲಿನಷ್ಟು ತೆಳ್ಳನೆಯ ದಾರದಲ್ಲಿ ಗಂಟು ಹಾಕಬೇಕು. ಹೊಲಿದ ಮೇಲೆ ಅರಿವಳಿಕೆ ತಜ್ಞರು ಎದೆಯೊಳಗಿನ ಒತ್ತಡವನ್ನು ಕೆಲ ಕ್ಷಣ ಏರಿಸುತ್ತಾರೆ, ಎಲ್ಲಿಯಾದರೂ ಹನಿ ಕಂಡರೆ ಮತ್ತೊಂದು ಹೊಲಿಗೆ. ಮೇಲೆ ಅಂಟು ಹಚ್ಚುತ್ತಾರೆ. ಕೊಳವೆ ಹೊರತೆಗೆದಾಗ ಸ್ನಾಯುಗಳು ತಮ್ಮಷ್ಟಕ್ಕೆ ಕೂಡಿಕೊಂಡು ಒಳಗೆ ಟೊಳ್ಳು ಉಳಿಯುವುದಿಲ್ಲ, ದ್ರವ ಶೇಖರವಾಗಲು ಜಾಗವಿರುವುದಿಲ್ಲ. ಇದು ಕೊಳವೆಯ ಪರವಾಗಿರುವ ಅಂಶ. ಆದರೆ ಹೊಲಿಗೆಯೇ ಸಡಿಲವಾಗಿದ್ದರೆ ಅದರಿಂದ ಏನೂ ಪ್ರಯೋಜನವಿಲ್ಲ. ಹಾಗಾಗಿ ನಾನಾಗಿದ್ದರೆ ಶಸ್ತ್ರವೈದ್ಯರನ್ನು ಗಾಯ ಎಷ್ಟು ಉದ್ದ ಎಂದು ಕೇಳುವುದಿಲ್ಲ. ಡ್ಯೂರಾ ಹೇಗೆ ಹೊಲಿಯುತ್ತೀರಿ, ಚೀಲದೊಳಗಿನ ಗಡ್ಡೆಗಳನ್ನು ಕೊಳವೆಯಿಂದ ತೆಗೆದ ಅಭ್ಯಾಸ ನಿಮಗೆ ಎಷ್ಟಿದೆ, ನರಗಳನ್ನು ಗಮನಿಸುವ ಯಂತ್ರ ಇರುತ್ತದೆಯೇ ಎಂದು ಕೇಳುತ್ತೇನೆ. ಕೊಳವೆಯಿಂದ ಡಿಸ್ಕ್ ತೆಗೆದ ಅನುಭವ ಒಂದು, ಚೀಲ ತೆರೆದು ಗಡ್ಡೆ ತೆಗೆದ ಅನುಭವ ಇನ್ನೊಂದು. ಮಧ್ಯದಲ್ಲಿ ಕಷ್ಟವಾದರೆ ಗಾಯ ದೊಡ್ಡದು ಮಾಡುತ್ತೀರಾ ಎಂದೂ ಕೇಳಿ. ಅಗತ್ಯ ಬಿದ್ದರೆ ಖಂಡಿತ ಎನ್ನುವವರೇ ನಂಬಿಕೆಗೆ ಅರ್ಹರು.

ಕುದುರೆಬಾಲದ ಗಡ್ಡೆಗಳಲ್ಲಿ ಇನ್ನೊಂದು ವಿಚಿತ್ರವಿದೆ, ಇದನ್ನು ಬಹಳ ಜನ ಕೇಳಿರುವುದಿಲ್ಲ. ಬೇರುಗಳು ಉದ್ದ ಮತ್ತು ಸಡಿಲವಾಗಿರುವುದರಿಂದ ಗಡ್ಡೆ ತಾನು ಹುಟ್ಟಿದ ಬೇರಿಗೆ ತೂಗಿಕೊಂಡು ಚೀಲದೊಳಗೆ ಮೇಲೆ ಕೆಳಗೆ ಓಡಾಡಬಲ್ಲದು. ಎಂಆರ್‌ಐ ತೆಗೆದಾಗ ಮೂರನೇ ಮೂಳೆಯಲ್ಲಿದ್ದದ್ದು ಬೋರಲು ಮಲಗಿಸಿದಾಗ ಎರಡನೆಯದರ ಹತ್ತಿರ ಇರಬಹುದು. ಒಬ್ಬನೇ ರೋಗಿಯ ಎರಡು ಸ್ಕ್ಯಾನ್‌ಗಳಲ್ಲಿ ಗಡ್ಡೆ ಎರಡು ಮಟ್ಟದಲ್ಲಿ ಕಂಡದ್ದು ವೈದ್ಯಕೀಯ ಸಾಹಿತ್ಯದಲ್ಲಿ ಹಲವು ಸಲ ದಾಖಲಾಗಿದೆ. ಅಂದು ಹಾರ್ಸ್ಲಿಗೆ ಗಡ್ಡೆ ಕಾಣದೆ ಮೇಲಕ್ಕೆ ಹೋಗಬೇಕಾಯಿತು. ಅಗಲವಾಗಿ ತೆರೆದವರಿಗೆ ಈಗಲೂ ಅದು ಸಾಧ್ಯ. ಸಣ್ಣ ಕಿಟಕಿ ತೆರೆದವರಿಗೆ ಗಡ್ಡೆ ಸರಿದಿದ್ದರೆ ಪೇಚು. ಅದಕ್ಕಾಗಿ ಎಚ್ಚರದ ಶಸ್ತ್ರವೈದ್ಯರು ದಿನಾಂಕ ಹಳೆಯದಾದ ಎಂಆರ್‌ಐಯನ್ನು ನಂಬುವುದಿಲ್ಲ, ಹೊಸದು ಮಾಡಿಸುತ್ತಾರೆ. ಮೂಳೆ ಕೊರೆದ ಮೇಲೆ ಡ್ಯೂರಾ ತೆರೆಯುವ ಮೊದಲು ಪುಟ್ಟ ಅಲ್ಟ್ರಾಸೌಂಡ್ ಕಡ್ಡಿ ಇಟ್ಟು ಗಡ್ಡೆ ಕೆಳಗಿದೆಯೇ ಎಂದು ನೋಡುತ್ತಾರೆ. ಅಮ್ಮನ ಸ್ಕ್ಯಾನ್ ಹಲವು ತಿಂಗಳ ಹಿಂದಿನದಾದರೆ ಮತ್ತೊಮ್ಮೆ ಮಾಡಿಸಿ ಎಂದಾಗ ಬೇಸರಪಟ್ಟುಕೊಳ್ಳಬೇಡಿ.

ಎಲ್ಲರಿಗೂ ಕೊಳವೆ ಹೊಂದುವುದಿಲ್ಲ. ಗಡ್ಡೆ ಒಂದು, ಹೆಚ್ಚೆಂದರೆ ಎರಡು ಮೂಳೆಗಳ ಉದ್ದದೊಳಗಿದ್ದರೆ ಸರಿ. ಮೂರ್ನಾಲ್ಕು ಮೂಳೆ ವ್ಯಾಪಿಸಿದ್ದರೆ, ಹಿಂದೊಮ್ಮೆ ಶಸ್ತ್ರಚಿಕಿತ್ಸೆಯಾಗಿ ಮತ್ತೆ ಬಂದು ನರಗಳಿಗೆ ಅಂಟಿಕೊಂಡಿದ್ದರೆ, ಹಲವು ಗಡ್ಡೆಗಳಿದ್ದರೆ ತೆರೆದು ಮಾಡುವುದೇ ಜಾಣತನ. ಕೆಲವು ಗಡ್ಡೆಗಳು ಮೂಳೆಗಳ ನಡುವಿನ ಕಿಂಡಿಯಿಂದ ಹೊರಬಂದು ಡಂಬೆಲ್ ಆಕಾರ ತಾಳುತ್ತವೆ, ಒಂದು ಉಂಡೆ ಚೀಲದೊಳಗೆ, ಇನ್ನೊಂದು ಹೊಟ್ಟೆಯ ಹಿಂದಿನ ಸ್ನಾಯುವಿನಲ್ಲಿ. ಅವಕ್ಕೆ ಪಕ್ಕದಿಂದ ಹೋಗಬೇಕಾಗಬಹುದು, ಕೀಲು ತೆಗೆಯಬೇಕಾದರೆ ಸ್ಕ್ರೂ ಬೇಕಾಗಬಹುದು. ನಿಮ್ಮ ಮೊದಲ ವೈದ್ಯರು ತೆರೆದು ಮಾಡಬೇಕು ಎಂದದ್ದು ಇಂಥ ಯಾವುದೋ ಕಾರಣಕ್ಕಿರಬಹುದು. ‘ಹಳೇ ಕಾಲದವರು’ ಎಂದು ಅವರನ್ನು ತಳ್ಳಿಹಾಕುವ ಮೊದಲು ಕಾರಣ ಕೇಳಿ. ಫಿಲ್ಮ್ ನೋಡದೆ ಇಬ್ಬರಲ್ಲಿ ಯಾರು ಸರಿ ಎಂದು ನಾನು ಹೇಳುವುದು ತಪ್ಪಾಗುತ್ತದೆ.

ಎರಡನ್ನೂ ಹೋಲಿಸಿದ ಅಧ್ಯಯನಗಳು ಇವೆ. ಕೊಳವೆಯಲ್ಲಿ ರಕ್ತ ಹೋಗುವುದು ಕಡಿಮೆ, ಆಸ್ಪತ್ರೆಯ ದಿನಗಳು ಕಡಿಮೆ ಎಂದು ಅವು ಹೇಳುತ್ತವೆ. ಗಡ್ಡೆ ಪೂರ್ತಿ ಬರುವುದರಲ್ಲಿ, ನರಗಳು ಚೇತರಿಸುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಇವುಗಳಲ್ಲಿ ಬಹುಪಾಲು ಹಳೆಯ ರೋಗಿಗಳ ದಾಖಲೆ ತಿರುವಿ ಬರೆದವು, ಕೊಳವೆಗೆ ಆರಿಸಿದ್ದು ಸಾಮಾನ್ಯವಾಗಿ ಸಣ್ಣ ಗಡ್ಡೆಗಳನ್ನೇ ಎಂಬುದನ್ನು ಮರೆಯಬಾರದು. ನನ್ನ ಅಭಿಪ್ರಾಯ ಕೇಳಿದರೆ: ಗಡ್ಡೆ ಚಿಕ್ಕದು, ಒಂದೇ, ಶ್ವಾನೋಮಾದ ಲಕ್ಷಣ ಸ್ಪಷ್ಟ, ಮಾಡುವವರು ಈ ಕೆಲಸದಲ್ಲಿ ಪಳಗಿದವರು ಎಂದಾದರೆ ಕೊಳವೆ ಒಳ್ಳೆಯದು. ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ತೆರೆದು ಮಾಡುವ ನುರಿತ ಕೈಯನ್ನೇ ಆರಿಸುತ್ತೇನೆ. ಐದಾರು ಅಂಗುಲದ ಗಾಯ ಕೆಲವೇ ವಾರದಲ್ಲಿ ಮಾಯುತ್ತದೆ. ಉಳಿಸಿಹೋದ ಗಡ್ಡೆಯ ತುಣುಕು ಮತ್ತೆ ಬೆಳೆಯುತ್ತದೆ.

ಶಸ್ತ್ರಚಿಕಿತ್ಸೆ ಈಗಲೇ ಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಕಂಡ, ಯಾವ ತೊಂದರೆಯೂ ಕೊಡದ ಸಣ್ಣ ಗಡ್ಡೆಯನ್ನು ಆರು ತಿಂಗಳು, ವರ್ಷಕ್ಕೊಮ್ಮೆ ಎಂಆರ್‌ಐಯಲ್ಲಿ ಗಮನಿಸುತ್ತ ಇರಬಹುದು. ಶಸ್ತ್ರಚಿಕಿತ್ಸೆ ತಾಳಲಾರದ ಕೆಲವರಿಗೆ ಗುರಿಯಿಟ್ಟ ವಿಕಿರಣ ಚಿಕಿತ್ಸೆಯೂ ಉಂಟು. ಅಮ್ಮನ ಸ್ಥಿತಿ ಅದಲ್ಲ, ನಿದ್ದೆಗೆಡಿಸುವ ನೋವಿದೆ. ಯೋಚಿಸಿ ನಿರ್ಧರಿಸಲು ಕೆಲ ವಾರ ತೆಗೆದುಕೊಂಡರೆ ತಪ್ಪಿಲ್ಲ, ವರ್ಷ ತಳ್ಳಬೇಡಿ. ಆದರೆ ಮೂತ್ರ ಕಟ್ಟಿಕೊಳ್ಳುವುದು ಅಥವಾ ತಿಳಿಯದೆ ಹೋಗುವುದು, ಕುಳಿತುಕೊಳ್ಳುವ ಜಾಗದಲ್ಲಿ ಜೋಮು, ಕಾಲು ದಿನದಿಂದ ದಿನಕ್ಕೆ ಸೋಲುವುದು ಇವುಗಳಲ್ಲಿ ಒಂದು ಕಂಡರೂ ಅದೇ ದಿನ ನ್ಯೂರೋಸರ್ಜರಿ ಇರುವ ಆಸ್ಪತ್ರೆಗೆ ಹೋಗಬೇಕು. ಮೂತ್ರದ ನರಗಳು ಹೆಚ್ಚು ಹೊತ್ತು ಒತ್ತಡದಲ್ಲಿದ್ದರೆ ಗಡ್ಡೆ ತೆಗೆದರೂ ಪೂರ್ತಿ ಮರಳದಿರಬಹುದು. ಇಂಥ ಸೂಚನೆ ಕಂಡ ಮೇಲೆ ಕೊಳವೆಯೋ ತೆರೆದದ್ದೋ ಎಂದು ಊರೂರು ಅಲೆಯುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ಆಪರೇಶನ್ ಆದ ಮೇಲೆ ಒಂದೆರಡು ದಿನ ಅಂಗಾತ ಮಲಗಿಸಿ ಆಮೇಲೆ ನಡೆಸುತ್ತಾರೆ. ರಾತ್ರಿಯ ನೋವು ಬೇಗ ಇಳಿಯುವುದು ವಾಡಿಕೆ. ಜೋಮು ನಿಧಾನ, ಕೆಲವೊಮ್ಮೆ ಸ್ವಲ್ಪ ಉಳಿದೇಬಿಡುತ್ತದೆ. ಮನೆಗೆ ಬಂದ ಮೇಲೆ ಗಾಯದ ಬಟ್ಟೆ ನೀರಿನಂತೆ ಒದ್ದೆಯಾದರೆ, ಎದ್ದು ಕೂತಾಗ ತಲೆ ಸಿಡಿದು ಮಲಗಿದಾಗ ಇಳಿದರೆ, ಜ್ವರ ಬಂದು ಕುತ್ತಿಗೆ ಬಿಗಿದರೆ ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ, ದ್ರವ ಸೋರುತ್ತಿರಬಹುದು ಅಥವಾ ಸೋಂಕಾಗಿರಬಹುದು. ಕೊಡ ಎತ್ತುವುದು, ಬಗ್ಗಿ ಗುಡಿಸುವುದು ಸುಮಾರು ಆರು ವಾರ ಬೇಡ. ಅಮ್ಮಂದಿರು ಈ ಮಾತನ್ನು ಕೇಳುವುದಿಲ್ಲ, ಮನೆಯವರೇ ಕೆಲಸ ಕೈಗೆತ್ತಿಕೊಳ್ಳಬೇಕು.

ಖರ್ಚಿನ ಬಗ್ಗೆ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ನೋಂದಾಯಿತ ಆಸ್ಪತ್ರೆಯ ‘ಆರೋಗ್ಯ ಮಿತ್ರ’ ಸಿಬ್ಬಂದಿಯ ಬಳಿ ದಾಖಲಾಗುವ ಮುಂಚೆಯೇ ಕೇಳಿ, ಬಿಲ್ ಆದ ಮೇಲೆ ಕೇಳಿದರೆ ತಡವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಬೆನ್ನಿನ ಗಡ್ಡೆಗಳ ಶಸ್ತ್ರಚಿಕಿತ್ಸೆ ನಡೆಯುತ್ತದೆ.

ತೆಗೆದ ಗಡ್ಡೆ ಪೆಥಾಲಜಿಗೆ ಹೋಗುತ್ತದೆ. ಆ ವರದಿಯ ಪ್ರತಿಯನ್ನು ಕೇಳಿ ಪಡೆದು ಜೋಪಾನವಾಗಿಡಿ. ಶ್ವಾನೋಮಾ ಎಂದು ಖಚಿತವಾಗಿ, ಪೂರ್ತಿ ತೆಗೆದಿದ್ದರೆ ಮರಳಿ ಬರುವುದು ವಿರಳ, ಕೆಲ ತಿಂಗಳ ನಂತರ ಒಂದು ಎಂಆರ್‌ಐ, ಆಮೇಲೆ ವೈದ್ಯರು ಹೇಳಿದ ಅಂತರದಲ್ಲಿ ಇನ್ನೊಂದೆರಡು. ನ್ಯೂರೋಫೈಬ್ರೋಮಾ ಎಂದು ಬಂದರೆ ಅಮ್ಮನ ಮೈಮೇಲೆ, ನಿಮ್ಮ ಮತ್ತು ನಿಮ್ಮ ಒಡಹುಟ್ಟಿದವರ ಮೈಮೇಲೆ ಕಾಫಿ ಬಣ್ಣದ ಅಗಲ ಮಚ್ಚೆಗಳು, ಮೆತ್ತನೆಯ ಗಂಟುಗಳು ಹಲವು ಇವೆಯೇ ನೋಡಿ. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಎರಡೂ ಕಿವಿ ಮಂದವಾದವರಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಕೆಲವು ಕುಟುಂಬಗಳಲ್ಲಿ ಈ ಗಡ್ಡೆಗಳು 17ನೇ ಅಥವಾ 22ನೇ ಕ್ರೋಮೋಸೋಮ್‌ನ ದೋಷದಿಂದ ಬರುತ್ತವೆ. ಅಂಥ ಮನೆಯಲ್ಲಿ ಮಕ್ಕಳೂ ಒಮ್ಮೆ ವಂಶವಾಹಿ ತಜ್ಞರನ್ನು ಕಾಣುವುದು ಒಳ್ಳೆಯದು.